ಬಾಲಿಯಿಂದ ಮುಲುಂಡ್‌ಗೆ: ಹೆಂಡತಿಯ ಕಾಗದಪತ್ರ ಮಾಡಿಸಿದ ಕತೆ

2024ರ ಅಕ್ಟೋಬರ್ 21ನೇ ತಾರೀಕು ಪೋಸ್ಟ್‌ಮ್ಯಾನ್ ಬಂದ. ಲಕೋಟೆಯ ಮೇಲಿದ್ದ ನನ್ನ ಹೆಂಡತಿಯ ಹೆಸರನ್ನು ಎರಡು ಸಲ ಓದಲು ನೋಡಿದ. ಆಗಲಿಲ್ಲ. ಸುಮ್ನೆ ‘ಸಹಿ ಮಾಡಿ’ ಎಂದು ಪೆನ್ನು ಕೊಟ್ಟ. ಒಳಗಿದ್ದದ್ದು ಆಧಾರ್ ಕಾರ್ಡ್. ಅವಳು ಮುಂಬೈಗೆ ಬಂದಿಳಿದದ್ದು 2024ರ ಜನವರಿ 18ಕ್ಕೆ. ಅಲ್ಲಿಂದ ಇಲ್ಲಿಗೆ ಒಂಬತ್ತು ತಿಂಗಳು. ‘ಒಂದು ಹೆರಿಗೆ ಆಗೋ ಹೊತ್ತಾಯ್ತಲ್ಲೋ’ ಅಂತ ಶಿರಸಿಯಿಂದ ಅಮ್ಮ ಫೋನಿನಲ್ಲಿ ನಕ್ಕಳು.

ಹೊರದೇಶದವರನ್ನು ಮದುವೆಯಾಗಿ ಮುಂಬೈಗೆ ಕರೆತಂದ ಕನ್ನಡದವರು ನನಗೇ ನಾಲ್ಕು ಜನ ಗೊತ್ತು. ಮದುವೆ ಫೋಟೊ ಎಲ್ಲರೂ ತೋರಿಸಿದ್ದರು, ಫೈಲು ಯಾರೂ ತೋರಿಸಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಇಂಡೊನೇಷ್ಯಾದ ಬಾಲಿಯ ಒಂದು ಹೋಟೆಲಿನಲ್ಲಿ ಮೂರು ವರ್ಷ ಲೆಕ್ಕ ಬರೆಯುತ್ತಿದ್ದೆ. ಅವಳು ಅಲ್ಲೇ ಬೇಕರಿಯಲ್ಲಿದ್ದಳು. ಬಾಲಿಯವರೂ ಹೆಚ್ಚಿನವರು ಹಿಂದೂಗಳೇ, ಹಾಗಾಗಿ ಮದುವೆಗೆ ತೊಡಕಾಗಲಿಲ್ಲ. ಮೊದಲು ಅವರ ಪದ್ಧತಿಯಲ್ಲಿ ಮದುವೆ, ಆಮೇಲೆ ಅಲ್ಲಿನ ಸಿವಿಲ್ ನೋಂದಣಿ. ಅದಕ್ಕೆ ನನ್ನ ಕಡೆಯಿಂದ ಬೇಕಾಗಿದ್ದ ‘ಮದುವೆಗೆ ಅಡ್ಡಿ ಇಲ್ಲ’ ಪತ್ರ ದೆನ್‌ಪಸಾರ್‌ನಲ್ಲಿರುವ ಭಾರತದ ಕಾನ್ಸುಲೇಟಿನಲ್ಲಿ ಸಿಕ್ಕಿತು.

ಮದುವೆ ಸರ್ಟಿಫಿಕೇಟ್ ಇರುವುದು ಇಂಡೊನೇಷ್ಯಾ ಭಾಷೆಯಲ್ಲಿ. ಅದನ್ನು ಅಲ್ಲಿನ ಪ್ರಮಾಣಿತ ಅನುವಾದಕರಿಂದ ಇಂಗ್ಲಿಷಿಗೆ ಮಾಡಿಸಿ, ಅಪೊಸ್ಟಿಲ್, ಅಂದರೆ ದಾಖಲೆ ಅಸಲಿ ಎಂದು ಇನ್ನೊಂದು ದೇಶವೂ ಒಪ್ಪುವ ಸರ್ಕಾರಿ ಮುದ್ರೆ, ಹಾಕಿಸಿಕೊಂಡೆವು. ಇಂಡೊನೇಷ್ಯಾದಲ್ಲಿ ಅಪೊಸ್ಟಿಲ್ ಒಪ್ಪಂದ ಜಾರಿಗೆ ಬಂದದ್ದು 2022ರ ಜೂನ್ 4ಕ್ಕೆ. ಭಾರತ 2005ರಿಂದಲೇ ಆ ಒಪ್ಪಂದದಲ್ಲಿದೆ. ಎರಡೂ ದೇಶ ಒಳಗಿರುವುದರಿಂದ ಒಂದೇ ಮುದ್ರೆ ಸಾಕು. ಅದರ ಸರ್ಕಾರಿ ಶುಲ್ಕ ಒಂದೂವರೆ ಲಕ್ಷ ಎಂದಾಗ ಅಮ್ಮ ಹೌಹಾರಿದ್ದಳು. ಒಂದೂವರೆ ಲಕ್ಷ ರುಪಿಯಾ. ನಮ್ಮ ದುಡ್ಡಲ್ಲಿ ಎಂಟುನೂರರ ಆಸುಪಾಸು. ಈ ಕೆಲಸ ಮಾತ್ರ ಆ ದೇಶ ಬಿಡುವ ಮೊದಲೇ ಮುಗಿಸಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ನೆನಪಾದರೆ ಅಲ್ಲಿರುವ ಭಾವಮೈದುನನನ್ನು ಕಾಡಬೇಕಾಗುತ್ತದೆ.

ವೀಸಾ ತೆಗೆದುಕೊಂಡದ್ದು ಎಂಟ್ರಿ ವೀಸಾ, ಎಕ್ಸ್-2. ಭಾರತೀಯರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವಂಥದ್ದು. ನಮಗೆ ಐದು ವರ್ಷದ್ದು ಸಿಕ್ಕಿತು, ಎಷ್ಟು ಸಲ ಬೇಕಾದರೂ ಹೋಗಿಬರಬಹುದು. ಇದರಲ್ಲಿ ಸುಮ್ಮನೆ ಹೋಗಿ ಕೆಲಸಕ್ಕೆ ಸೇರುವಂತಿಲ್ಲ, ಅದಕ್ಕೆ ಬೇರೆ ಅನುಮತಿ ಬೇಕು. ಹನ್ನೊಂದು ವರ್ಷ ಒಲೆ ಮುಂದೆ ನಿಂತು ದುಡಿದವಳಿಗೆ ಇದು ಎಷ್ಟು ಕಷ್ಟ ಅಂತ ನನಗೆ ಆಗ ಅರ್ಥವಾಗಿರಲಿಲ್ಲ.

ಈಗ ಹೆಸರಿನ ವಿಷಯ. ನಮ್ಮ ಒಂಬತ್ತು ತಿಂಗಳಲ್ಲಿ ಅರ್ಧ ಹೋದದ್ದು ಇದಕ್ಕೇ.

ಬಾಲಿಯಲ್ಲಿ ಮನೆತನದ ಹೆಸರು ಅಂತ ಸಾಮಾನ್ಯವಾಗಿ ಇರುವುದಿಲ್ಲ. ಹೆಂಗಸರ ಹೆಸರು ಬಹಳಷ್ಟು ಸಲ ‘ನಿ’ ಅಂತ ಶುರುವಾಗುತ್ತದೆ, ಗಂಡಸರದ್ದು ‘ಇ’ ಅಂತ. ಆಮೇಲೆ ಎಷ್ಟನೆಯ ಮಗು ಅನ್ನುವುದು. ಮೊದಲನೆಯದು ವಾಯನ್ ಅಥವಾ ಪುತು, ಎರಡನೆಯದು ಮಾದೆ ಅಥವಾ ಕಾಡೆಕ್, ಮೂರನೆಯದು ಞೋಮನ್ ಅಥವಾ ಕೋಮಂಗ್, ನಾಲ್ಕನೆಯದು ಕೆತುತ್. ಕೊನೆಗೆ ಸ್ವಂತ ಹೆಸರು. ನನ್ನವಳು ಎರಡನೆಯ ಮಗಳು, ಅಂದರೆ ‘ನಿ ಕಾಡೆಕ್’, ಅದರ ಮುಂದೆ ಅವಳ ಹೆಸರು. ಇಂಡೊನೇಷ್ಯಾದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಬೇರೆ, ಹೆಸರು ಬೇರೆ ಅಂತ ಮನೆಗಳೇ ಇಲ್ಲ. ಪೂರ್ತಿ ಹೆಸರು ಒಂದೇ ಸಾಲಿನಲ್ಲಿ.

ನನ್ನದೂ ಅದೇ ಪಾಡು ಬಿಡಿ. ಶಿರಸಿ ಕಡೆಯ ಶಾಲೆಯಲ್ಲಿ ನನಗೆ ಎರಡು ಇನಿಷಿಯಲ್ ಇತ್ತು. ಪಾಸ್‌ಪೋರ್ಟ್ ಮಾಡಿಸುವಾಗ ಬಿಡಿಸಿ ಬರೆದು ಅಪ್ಪನ ಹೆಸರೇ ಸರ್‌ನೇಮ್ ಆಯಿತು. ಮುಂಬೈಯಲ್ಲಿ ಮಾತ್ರ ಯಾವ ಕೌಂಟರಿಗೆ ಹೋದರೂ ಮೊದಲ ಪ್ರಶ್ನೆ ‘ಆಡ್‌ನಾವ್ ಕಾಯ್?’, ಅಂದರೆ ಸರ್‌ನೇಮ್ ಏನು ಅಂತ. ಇಲ್ಲಿ ಎಲ್ಲರಿಗೂ ಮೂರು ಭಾಗ: ತನ್ನ ಹೆಸರು, ಅಪ್ಪನ ಅಥವಾ ಗಂಡನ ಹೆಸರು, ಆಡ್‌ನಾವ್. ಮೂರೂ ತುಂಬದಿದ್ದರೆ ಎದುರಿಗಿದ್ದವರಿಗೆ ಸಮಾಧಾನವಿಲ್ಲ. ಅವರೇ ಏನಾದರೂ ತುಂಬಿಬಿಡುತ್ತಾರೆ.

ಜನವರಿ 18ರ ರಾತ್ರಿ ಟರ್ಮಿನಲ್ 2ರಿಂದ ಮುಲುಂಡ್ ಪೂರ್ವದ ನಮ್ಮ ಬಾಡಿಗೆ ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ಅವಳು ಗ್ಯಾಲರಿಯಲ್ಲಿ ನಿಂತು ಎದುರು ಕಟ್ಟಡದ ಬಟ್ಟೆಗಳನ್ನು ನೋಡುತ್ತಿದ್ದಳು. ನಾನು ಲ್ಯಾಪ್‌ಟಾಪ್ ಮುಂದೆ ಕೂತು ಫಾರ್ಮ್ ಸಿ ತುಂಬುತ್ತಿದ್ದೆ. ಈ ಫಾರ್ಮ್ ಸಿ ವಿಷಯ ನನಗೆ ಹೇಳಿದ್ದು ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಹೋದಾಗ ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ. ಅವರ ಸೊಸೆ ಜರ್ಮನಿಯವಳು. ‘ಹೋಟೆಲಿನವರು ಮಾತ್ರ ಅಲ್ಲ, ಮನೆಯಲ್ಲಿ ಇಟ್ಟುಕೊಂಡವರೂ ಇಪ್ಪತ್ನಾಲ್ಕು ಗಂಟೆಯೊಳಗೆ ತಿಳಿಸಬೇಕಪ್ಪಾ, ಮರೀಬೇಡ’ ಅಂದಿದ್ದರು. ನಿಜ. ವಿದೇಶಿಯರು ಯಾರ ಮನೆಯಲ್ಲಿ ಇಳಿದುಕೊಳ್ಳುತ್ತಾರೋ ಅವರು ಆನ್‌ಲೈನಿನಲ್ಲಿ ತಿಳಿಸಬೇಕು, 2024ರಲ್ಲಿ ಅದಕ್ಕಿದ್ದದ್ದು ಈ ಫಾರ್ಮ್. ಲಾಗಿನ್ ಮಾಡಿಕೊಳ್ಳುವ ಕೆಲಸವನ್ನು ಅವರು ವಿಮಾನ ಹತ್ತುವ ಮೊದಲೇ ಮುಗಿಸಿಡಿ. ನಾನು ಮುಗಿಸಿದ್ದೆ. ಈ ಇಡೀ ಕತೆಯಲ್ಲಿ ನಾನು ಮುಂಚಿತವಾಗಿ ಮಾಡಿದ ಕೆಲಸ ಅದೊಂದೇ.

ವೀಸಾ 180 ದಿನಕ್ಕಿಂತ ಜಾಸ್ತಿ ಇದ್ದು, ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು ಅಂತ ಅದರ ಮೇಲೇ ಇದ್ದರೆ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಎಂಬ ಜಾಲತಾಣದಲ್ಲಿ ಅರ್ಜಿ ಹಾಕಬೇಕು. 2018ರಿಂದ ಇದು ಆನ್‌ಲೈನ್ ಆಗಿದೆ. ಹಾಗಾಗಿ ಸಾಮಾನ್ಯವಾಗಿ ಎಲ್ಲ ಮನೆಯಲ್ಲೇ ಕೂತು ಮುಗಿಯುತ್ತದೆ. ಕರೆದರೆ ಮಾತ್ರ ಹೋಗಬೇಕು. ಮುಂಬೈಯ ಕಚೇರಿ ಇರುವುದು ಸೇಂಟ್ ಝೇವಿಯರ್ಸ್ ಕಾಲೇಜಿನ ಹಿಂದೆ, ಬದ್ರುದ್ದೀನ್ ತ್ಯಾಬ್ಜಿ ಮಾರ್ಗದಲ್ಲಿ. ಸಿಎಸ್‌ಎಂಟಿಯಲ್ಲಿ ಇಳಿದು ನಡೆದೇ ಹೋಗಬಹುದು. ಮುಲುಂಡಿನವರು, ಐರೋಲಿಯವರು ಇಲ್ಲಿ ಒಂದು ಮಾತು ನೆನಪಿಡಿ. ನಮ್ಮ ಮುಲುಂಡ್ ಚೆಕ್‌ನಾಕಾ ದಾಟಿದರೆ ಥಾಣೆ, ಪೊಲೀಸ್ ಕಮಿಷನರೇಟೇ ಬೇರೆ. ನವಿ ಮುಂಬೈಯದ್ದೂ ಬೇರೆ. ಅರ್ಜಿಯಲ್ಲಿ ಜಿಲ್ಲೆ ಆರಿಸುವಾಗ ಬಾಯಿಮಾತಿನ ‘ಮುಂಬೈ’ ನಡೆಯುವುದಿಲ್ಲ. ಬಾಡಿಗೆ ಕರಾರಿನಲ್ಲಿ ಏನಿದೆಯೋ ಅದು.

ಬಾಡಿಗೆ ಕರಾರು ಅಂದೆನಲ್ಲ. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರನ್ನು ನೋಂದಾಯಿಸುವುದು ಕಡ್ಡಾಯ. ನಮ್ಮದು ನೋಂದಣಿ ಆಗಿತ್ತು, ಆದರೆ ನನ್ನೊಬ್ಬನ ಹೆಸರಿನಲ್ಲಿ. ಕರೆಂಟ್ ಬಿಲ್ಲು ಮನೆ ಮಾಲೀಕರ ಹೆಸರಿನಲ್ಲಿ. ಹೆಂಡತಿಯ ಹೆಸರು ಗೋಡೆಯ ಮೇಲೂ ಇಲ್ಲ. ಕೊನೆಗೆ ಕರಾರು, ಕರೆಂಟ್ ಬಿಲ್ಲು, ಫಾರ್ಮ್ ಸಿ ಪ್ರತಿ, ಮದುವೆ ಸರ್ಟಿಫಿಕೇಟು, ಅದರ ಅನುವಾದ, ನನ್ನ ಪಾಸ್‌ಪೋರ್ಟು, ‘ಇವಳು ನನ್ನ ಹೆಂಡತಿ, ನನ್ನ ಮನೆಯಲ್ಲೇ ಇದ್ದಾಳೆ, ಖರ್ಚು ನನ್ನದು’ ಎಂಬ ನನ್ನ ಸಹಿಯ ಪತ್ರ, ಎಲ್ಲ ಸೇರಿಸಿ ಜನವರಿ 27ಕ್ಕೆ ಹಾಕಿದೆ. ಕರಾರು ಹನ್ನೊಂದು ತಿಂಗಳದ್ದು ಮಾಡಿಸಬೇಡಿ. ಮನೆ ಬದಲಾದರೆ ವಿಳಾಸ ಬದಲಾದದ್ದನ್ನು ಅಲ್ಲಿಗೆ ಮತ್ತೆ ತಿಳಿಸಬೇಕು. ನಾನು ಮಾಲೀಕರನ್ನು ಒಪ್ಪಿಸಿ ಮೂರು ವರ್ಷದ್ದು ಮಾಡಿಸಿಕೊಂಡೆ. ‘ಫಾರಿನರ್ ಇದ್ದಾರೆ, ಪೊಲೀಸ್ ತಲೆಬಿಸಿ ಇಲ್ಲ ತಾನೆ?’ ಅಂತ ಅವರು ಮೂರು ಸಲ ಕೇಳಿದರು. ಇವಳು ಮಾಡಿದ ತೆಂಗಿನಕಾಯಿ ಕೇಕ್ ತಿಂದ ಮೇಲೆ ಕೇಳುವುದು ನಿಂತಿತು.

ನಾಲ್ಕು ದಿನಕ್ಕೆ ಅರ್ಜಿ ವಾಪಸ್ ಬಂತು. ತಪ್ಪು ನನ್ನದೇ. ಪಾಸ್‌ಪೋರ್ಟಿನ ಫೋಟೊ ಪುಟ, ವೀಸಾ ಪುಟ ಎರಡೂ ಹಾಕಿದ್ದೆ. ವಿಮಾನ ನಿಲ್ದಾಣದಲ್ಲಿ ಒತ್ತಿದ ಮುದ್ರೆಯ ಪುಟ ಬಿಟ್ಟಿದ್ದೆ. ಇನ್ನೊಂದು, ಹೆಸರು. ನಾನು ಸರ್‌ನೇಮ್ ಮನೆಯಲ್ಲಿ ‘ಇಲ್ಲ’ ಅಂತ ಬರೆದು, ಪೂರ್ತಿ ಹೆಸರನ್ನು ಇನ್ನೊಂದರಲ್ಲಿ ತುಂಬಿದ್ದೆ. ವೀಸಾದಲ್ಲಿ ಬೇರೆ ಥರ ಇತ್ತು. ಆವತ್ತು ರಾತ್ರಿ ಕೂತು ಕಲಿತ ಪಾಠ ಇದು: ಪಾಸ್‌ಪೋರ್ಟಿನ ಫೋಟೊ ಪುಟದ ತಳದಲ್ಲಿ ಯಂತ್ರ ಓದುವ ಎರಡು ಸಾಲು ಇರುತ್ತದೆ ನೋಡಿ, ಬಾಣದ ತುದಿಯಂಥ ಗುರುತುಗಳು ತುಂಬಿರುವುದು. ಅದರ ಮೇಲಿನ ಸಾಲಿನಲ್ಲಿ, ದೇಶದ ಮೂರಕ್ಷರ ಆದ ಮೇಲೆ, ಎರಡು ಬಾಣ ಜೋಡಿಯಾಗಿ ಬರುವ ಜಾಗದವರೆಗೆ ಇರುವುದು ಸರ್‌ನೇಮ್. ಅದರ ನಂತರದ್ದು ಹೆಸರು. ಪಾಸ್‌ಪೋರ್ಟಿನ ಮೇಲ್ಭಾಗದಲ್ಲಿ ಬೇರೆ ಬೇರೆ ಮನೆ ಇಲ್ಲದಿದ್ದರೂ ಈ ಸಾಲಿನಲ್ಲಿ ಭಾಗ ಮಾಡಿರುತ್ತಾರೆ. ಅಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಬರೆಯಿರಿ. ನಿಮ್ಮ ತಲೆ ಓಡಿಸಬೇಡಿ, ಬೇರೆಯವರ ತಲೆಯನ್ನೂ ಓಡಿಸಲು ಬಿಡಬೇಡಿ.

ಸರಿಮಾಡಿ ಕಳಿಸಿದ ಮೇಲೆ ಒಮ್ಮೆ ಮೂಲ ದಾಖಲೆಗಳೊಂದಿಗೆ ಬರಲು ಹೇಳಿದರು. ಇವಳು ಹಿಂದಿನ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ‘ನಮ್ಮ ಮದುವೆ ನಿಜ ಅಂತ ಹೇಗೆ ತೋರಿಸುವುದು?’ ಅಂತ ಬಾಲಿಯ ಮದುವೆ ಆಲ್ಬಮ್ಮನ್ನೇ ಚೀಲದಲ್ಲಿ ತುಂಬಿದ್ದಳು. ಅಲ್ಲಿದ್ದ ಹೆಂಗಸು ಕಾಗದಗಳನ್ನು ನೋಡಿ, ಅತ್ತೆ ಮನೆ ಎಲ್ಲಿ, ಊಟ ಸೇರುತ್ತದಾ ಅಂತ ಹಿಂದಿಯಲ್ಲಿ ಕೇಳಿದರು. ಇವಳು ಆಲ್ಬಮ್ ತೆಗೆದೇಬಿಟ್ಟಳು. ಅವರು ಎರಡು ಪುಟ ತಿರುಗಿಸಿ, ಅವಳ ತಲೆಯ ಮೇಲಿನ ಚಿನ್ನದ ಕಿರೀಟ ನೋಡಿ ನಕ್ಕು, ‘ಬಹುತ್ ಸುಂದರ್’ ಅಂದರು. ಫೆಬ್ರವರಿ 16ಕ್ಕೆ ನೋಂದಣಿ ಪ್ರಮಾಣಪತ್ರ ಮೇಲ್‌ನಲ್ಲಿ ಬಂತು. ಅದನ್ನು ಬಣ್ಣದಲ್ಲಿ ಮುದ್ರಿಸಿ ನಾಲ್ಕು ಪ್ರತಿ ಇಟ್ಟುಕೊಳ್ಳಿ. ಮುಂದಿನ ಎಲ್ಲ ಬಾಗಿಲಿಗೂ ಅದೇ ಬೀಗದ ಕೈ.

ಫೆಬ್ರವರಿ 24ಕ್ಕೆ ಅವಳು ಊರಿಗೆ ಹೋದಳು. 28ಕ್ಕೆ ಗಲುಂಗಾನ್, ಅವರ ದೊಡ್ಡ ಹಬ್ಬ. 210 ದಿನಕ್ಕೊಮ್ಮೆ ಬರುತ್ತದೆ. ಮಾರ್ಚ್ 11ಕ್ಕೆ ನ್ಯೆಪಿ, ಶಕೆ 1946ರ ಹೊಸ ವರ್ಷ. ನಮ್ಮ ಯುಗಾದಿ ಏಪ್ರಿಲ್ 9ಕ್ಕೆ, ಅದೂ ಶಕೆ 1946. ಒಂದೇ ಶಕೆ, ಒಂದು ತಿಂಗಳ ಅಂತರ. ಮದುವೆಯಾದ ಮೊದಲ ವರ್ಷ, ಹೋಗಬೇಡ ಅನ್ನಲು ಬಾಯಿ ಬರಲಿಲ್ಲ. ಮಾರ್ಚ್ 18ಕ್ಕೆ ವಾಪಸ್ ಬಂದಳು. ನಾನು ಮತ್ತೆ ಫಾರ್ಮ್ ಸಿ ಹಾಕಿದೆ. ಈ ತಾರೀಕುಗಳನ್ನು ಸುಮ್ನೆ ಬರೆದಿಲ್ಲ, ಮುಂದೆ ಇದಕ್ಕೆ ಬೆಲೆ ತೆತ್ತೆವು.

ಹೊರಡುವ ಮುಂಚೆ ಪ್ಯಾನ್ ಕಾರ್ಡಿಗೆ ಹಾಕಿ ಹೋಗಿದ್ದಳು. ವಿದೇಶಿ ಪ್ರಜೆಗಳಿಗೆ ಆಗ ಬೇರೆ ಫಾರ್ಮ್ ಇತ್ತು, 49ಎಎ. ಭಾರತದ ವಿಳಾಸಕ್ಕೆ ತರಿಸಿಕೊಂಡರೆ ಆಗ 107 ರೂಪಾಯಿ. ಗುರುತಿಗೆ ಪಾಸ್‌ಪೋರ್ಟ್, ವಿಳಾಸಕ್ಕೆ ನೋಂದಣಿ ಪ್ರಮಾಣಪತ್ರ. ಇಷ್ಟೇ. ಆಧಾರ್ ಬೇಕಿಲ್ಲ. ನಾನೇ ಮಾಡಬಹುದಿತ್ತು. ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ಹೊತ್ತು, ಸೋಮಾರಿತನ ಮಾಡಿ ನಮ್ಮ ಬೀದಿಯ ಒಬ್ಬ ಏಜೆಂಟನಿಗೆ 600 ರೂಪಾಯಿ ಕೊಟ್ಟೆ.

ಅವನ ಅಂಗಡಿಯಲ್ಲಿ ನಡೆದದ್ದು ಹೀಗೆ. ಅಪ್ಪನ ಹೆಸರು ಕೇಳಿದ. ಮಾವನ ಹೆಸರು ‘ಇ ವಾಯನ್’ ಅಂತ ಶುರು. ಇಂಗ್ಲಿಷಿನಲ್ಲಿ ಬರೆದರೆ ಒಂಟಿ ‘ಐ’ ಅಕ್ಷರ.

‘ಐ ಅಂದ್ರೆ?’

‘ಅದು ಹೆಸರೇ.’

‘ಇನಿಷಿಯಲ್ ನಡೆಯೋದಿಲ್ಲ ಸರ್. ಫುಲ್ ಫಾರ್ಮ್ ಹೇಳಿ.’

‘ಫುಲ್ ಫಾರ್ಮ್ ಇಲ್ಲ. ಗಂಡಸು ಅಂತ ಅರ್ಥ.’

ಅವನು ನನ್ನನ್ನೇ ನೋಡಿದ. ಇವಳು ನಗು ತಡೆಯಲಾರದೆ ಹೊರಗೆ ಹೋದಳು. ‘ನಿ’ಯ ಕತೆಯೂ ಅದೇ. ಎನ್, ಐ, ಎರಡು ಇನಿಷಿಯಲ್ ಅಂತ ಅವನ ತೀರ್ಮಾನ. ‘ನೀವು ಚಿಂತೆ ಬಿಡಿ, ನಾನು ಸರಿಮಾಡ್ತೇನೆ’ ಅಂದ. ನಾನೂ ಬಿಟ್ಟೆ.

ಮಾರ್ಚ್ ಕೊನೆಗೆ ಕಾರ್ಡ್ ಬಂತು. ‘ನಿ’ ಮಾಯ. ಕಾಡೆಕ್ ಆದ ಮೇಲೆ ನನ್ನ ಹೆಸರು, ಅದಾದ ಮೇಲೆ ನನ್ನ ಅಪ್ಪನ ಹೆಸರು ಸರ್‌ನೇಮ್ ಆಗಿ. ಅವಳ ಸ್ವಂತ ಹೆಸರೇ ಇಲ್ಲ! ಮದುವೆ ಸರ್ಟಿಫಿಕೇಟನ್ನು ಹೆಸರು ಬದಲಾವಣೆಯ ಪುರಾವೆ ಅಂತ ಲಗತ್ತಿಸಿದ್ದನಂತೆ. ‘ಮದುವೆ ಆದ್ಮೇಲೆ ಹೀಗೇ ಅಲ್ವಾ ಸರ್?’ ಅಂತ ಕೇಳಿದ. ಅವನಿಗೆ ನಿಜವಾಗಿಯೂ ಉಪಕಾರ ಮಾಡಿದೆ ಅನ್ನುವ ಮುಖ. ತೀರಿಕೊಂಡು ಆರು ವರ್ಷವಾದ ನನ್ನ ಅಪ್ಪ ಬಾಲಿಯ ಸೊಸೆಯ ಪ್ಯಾನ್ ಕಾರ್ಡಿನಲ್ಲಿ ಬಂದು ಕೂತಿದ್ದರು. ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದು ಯಾರು?’ ಅಂದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಿದ್ದುಪಡಿಗೆ ಮತ್ತೆ 107 ರೂಪಾಯಿ, ಈ ಸಲ ನಾನೇ ಕೂತು ಮಾಡಿದೆ. ಪಾಸ್‌ಪೋರ್ಟಿನ ಯಂತ್ರ ಓದುವ ಸಾಲಿನಂತೆ ಹೆಸರು ತುಂಬಿ, ಮಾವನ ಹೆಸರಿನ ‘ಇ’ ಯಾಕೆ ಒಂಟಿ ಅಕ್ಷರ ಅಂತ ಒಂದು ಚಿಕ್ಕ ಪತ್ರವನ್ನೂ ಅವಳ ಜನನ ಪ್ರಮಾಣಪತ್ರದ ಅನುವಾದವನ್ನೂ ಸೇರಿಸಿದೆ. ಯುಗಾದಿ ಮುಗಿದು ಒಂದು ವಾರಕ್ಕೆ ಸರಿಯಾದದ್ದು ಬಂತು. ಅಂದಹಾಗೆ, ಪ್ಯಾನ್-ಆಧಾರ್ ಜೋಡಣೆಯ ಬೆದರಿಕೆ ಸಂದೇಶಗಳು ಇವರಿಗೆ ಅನ್ವಯಿಸುವುದಿಲ್ಲ. ಭಾರತದ ಪ್ರಜೆಯಲ್ಲದವರಿಗೆ ಅದರಿಂದ ವಿನಾಯಿತಿ ಇದೆ.

ಅದೇ ಏಜೆಂಟ್ ಇನ್ನೊಂದು ಮಾತು ಹೇಳಿದ್ದ. ‘ಬೇಕಾದ್ರೆ ವೋಟರ್ ಐಡಿಯೂ ಮಾಡಿಸಿಕೊಡ್ತೇನೆ, ಸ್ವಲ್ಪ ಜಾಸ್ತಿ ಆಗುತ್ತೆ.’ ದಯವಿಟ್ಟು ಈ ಬಲೆಗೆ ಬೀಳಬೇಡಿ. ಮತದಾರರ ಚೀಟಿ ಭಾರತದ ಪ್ರಜೆಗಳಿಗೆ ಮಾತ್ರ. ಸುಳ್ಳು ಘೋಷಣೆ ಕೊಟ್ಟರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು. ವೀಸಾ ಕೂಡ ಹೋದೀತು.

ಈ ತಿಂಗಳುಗಳಲ್ಲಿ ಅವಳ ದಿನ ಹೇಗಿತ್ತು ಅಂತ ಹೇಳಬೇಕು. ಸಿಮ್ ಒಂದು ಸಿಕ್ಕಿತ್ತು, ಪಾಸ್‌ಪೋರ್ಟು ವೀಸಾ ತೋರಿಸಿ, ಸ್ಥಳೀಯ ಪರಿಚಯಕ್ಕೆ ನನ್ನ ನಂಬರು ಕೊಟ್ಟು. ಆದರೆ ಬ್ಯಾಂಕ್ ಖಾತೆ ಇಲ್ಲ, ಹಾಗಾಗಿ ಫೋನಿನಲ್ಲಿ ದುಡ್ಡು ಕೊಡುವ ಹಾಗಿಲ್ಲ. ಅವಳು ದಿನಾ ಬೆಳಿಗ್ಗೆ ಚನಂಗ್ ಇಡುತ್ತಾಳೆ. ಅಂಗೈಯಗಲದ ಎಲೆಯ ಬುಟ್ಟಿ, ಅದರಲ್ಲಿ ನಾಲ್ಕು ಬಣ್ಣದ ಹೂವು, ಚಿಟಿಕೆ ಅನ್ನ, ಒಂದು ಊದುಬತ್ತಿ. ಅಲ್ಲಿ ಎಳೆ ತೆಂಗಿನ ಗರಿಯಲ್ಲಿ ಮಾಡುವುದನ್ನು ಇಲ್ಲಿ ಬಾಳೆ ಎಲೆಯಲ್ಲಿ ಮಾಡುತ್ತಾಳೆ. ಗ್ಯಾಲರಿಯ ತುಳಸಿ ಕುಂಡದ ಪಕ್ಕ ಇಡುತ್ತಾಳೆ. ಅದಕ್ಕೆ ಹೂವು ತರಬೇಕು, ಸ್ಟೇಷನ್ ಹತ್ತಿರದ ಹೂವಿನವಳ ಬಳಿ. ದಿನಾ 20 ರೂಪಾಯಿ. ಆ 20 ರೂಪಾಯಿಯನ್ನು ದಿನಾ ನನ್ನ ಹತ್ತಿರ ಕೇಳಬೇಕಿತ್ತು. ನಾನು ಒಂದು ಡಬ್ಬದಲ್ಲಿ ಚಿಲ್ಲರೆ ಹಾಕಿಟ್ಟೆ. ಒಂದು ವಾರ ಅವಳು ಡಬ್ಬ ಮುಟ್ಟಲಿಲ್ಲ, ಹೂವೂ ತರಲಿಲ್ಲ. ನಮ್ಮಿಬ್ಬರ ಮೊದಲ ದೊಡ್ಡ ಜಗಳ ಆ ಡಬ್ಬದ್ದು. ‘ನನಗೆ ಹದಿನೆಂಟರಿಂದ ಸಂಬಳ ಬರುತ್ತಿತ್ತು’ ಅಂತಷ್ಟೇ ಹೇಳಿದಳು.

ಬ್ಯಾಂಕಿಗೆ ಹೋದರೆ ಮೊದಲ ಶಾಖೆಯಲ್ಲಿ ಒಂದೇ ಮಾತು: ಆಧಾರ್ ತನ್ನಿ. ಆಧಾರ್ ಬೇಕಾದರೆ ವಿಳಾಸದ ಪುರಾವೆ ಬೇಕು, ಅವಳ ಹೆಸರಿನಲ್ಲಿ. ಅದಕ್ಕೆ ನಮ್ಮ ಕಣ್ಣಿಗೆ ಬಿದ್ದ ಸುಲಭದ ದಾರಿ ಫೋಟೊ ಅಂಟಿಸಿ ಮುದ್ರೆ ಒತ್ತಿದ ಬ್ಯಾಂಕ್ ಪಾಸ್‌ಬುಕ್. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅಂತಾರಲ್ಲ, ಹಾಗೆ. ಎರಡನೆಯ ಶಾಖೆಯವರು ‘ಫಾರಿನ್ ಕೇಸ್ ನಮ್ಮಲ್ಲಿ ಮಾಡೋದಿಲ್ಲ’ ಅಂದರು. ಮೂರನೆಯದು ಮಾಟುಂಗಾ ಕಡೆಯದ್ದು, ಅಲ್ಲಿ ಕುಂದಾಪುರದ ಒಬ್ಬ ಅಧಿಕಾರಿ ಇದ್ದರು. ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನವನ್ನು ಅವರೇ ತೆರೆದು ತೋರಿಸಿದರು. ವಿದೇಶಿಯರ ಪಾಸ್‌ಪೋರ್ಟಿನಲ್ಲಿ ವಿಳಾಸ ಇಲ್ಲದಿದ್ದರೆ, ಭಾರತದಲ್ಲಿರುವ ಅವರ ದೇಶದ ದೂತಾವಾಸದ ಪತ್ರವನ್ನೂ ವಿಳಾಸದ ಪುರಾವೆಯಾಗಿ ಒಪ್ಪಬಹುದು ಅಂತ ಅದರಲ್ಲಿ ಇದೆ. ‘ಎಂಥದೂ ಇಲ್ಲ, ಆ ಪತ್ರ ತಕೊಂಡು ಬನ್ನಿ, ಮಾಡ್ವ’ ಅಂದರು. ಇಡೀ ಒಂಬತ್ತು ತಿಂಗಳಲ್ಲಿ ಕೇಳಿದ ಅತ್ಯಂತ ಚಂದದ ಮಾತು ಆ ‘ಮಾಡ್ವ’.

ಇಂಡೊನೇಷ್ಯಾದ ಕಾನ್ಸುಲೇಟ್ ಇರುವುದು ಆಲ್ಟಮೌಂಟ್ ರಸ್ತೆಯಲ್ಲಿ, ಅಂಬಾನಿ ಮನೆ ಇರುವ ರಸ್ತೆ. ಇವಳು ಬಂದ ವಾರವೇ ಅವರ ಜಾಲತಾಣದಲ್ಲಿ ‘ನಾನು ಇಲ್ಲಿದ್ದೇನೆ’ ಅಂತ ದಾಖಲಿಸಿದ್ದಳು, ಅದು ಕೆಲಸಕ್ಕೆ ಬಂತು. ನಿಮ್ಮವರು ಯಾವ ದೇಶದವರಾದರೂ ಇದನ್ನು ಮೊದಲೇ ಮಾಡಿಸಿ. ಅಲ್ಲಿ ಅವಳಿಗೆ ಎರಡು ತಿಂಗಳ ನಂತರ ಫೋನಿನಾಚೆಗೂ ತನ್ನ ಭಾಷೆ ಕೇಳಿಸಿತು. ಪತ್ರದ ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಕೂತು ಮಾತಾಡುತ್ತಿದ್ದಳು. ನಾನು ಹೊರಗೆ ಮರದ ಕೆಳಗೆ ಕಾಯುತ್ತಾ ನಿಂತೆ. ಆ ಅರ್ಧ ಗಂಟೆ ನನಗೆ ಸ್ವಲ್ಪವೂ ಬೇಜಾರಾಗಲಿಲ್ಲ.

ಮೇ ತಿಂಗಳಲ್ಲಿ ಖಾತೆ ತೆರೆಯಿತು. ಡಬ್ಬ ಖಾಲಿ ಮಾಡಿ ಅದರಲ್ಲಿ ಅವಳು ಸಂಬಲ್, ಅವರ ಕಡೆಯ ಮೆಣಸಿನ ಚಟ್ನಿ, ತುಂಬಿಸಿದಳು.

ಉಳಿದದ್ದು ಆಧಾರ್. ವಿದೇಶಿಯರಿಗೆ ಆಧಾರ್ ಸಿಗುತ್ತದಾ ಅಂತ ನಮ್ಮವರೇ ಎಷ್ಟೋ ಜನ ಕೇಳಿದರು. ಸಿಗುತ್ತದೆ. ಅರ್ಜಿ ಹಾಕುವ ಮುಂಚಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿರಬೇಕು. 18 ದಾಟಿದ ವಿದೇಶಿಯರಿಗೆ ಫಾರ್ಮ್ 7. ಪಾಸ್‌ಪೋರ್ಟು, ಚಾಲ್ತಿಯಲ್ಲಿರುವ ವೀಸಾ ಎರಡೂ ಮೂಲಪ್ರತಿ ಬೇಕು. ಹೊಸ ನೋಂದಣಿಗೆ ಶುಲ್ಕ ಇಲ್ಲ. ಎಲ್ಲ ಕೇಂದ್ರದಲ್ಲೂ ಮಾಡುವುದಿಲ್ಲ, ಹೋಗುವ ಮೊದಲು ವಿದೇಶಿಯರದ್ದು ಮಾಡುತ್ತೀರಾ ಅಂತ ವಿಚಾರಿಸಿ.

ಕ್ಯಾಲೆಂಡರಿನಲ್ಲಿ ಎಣಿಸಿದೆ. ಜನವರಿ 18ರಿಂದ 182 ದಿನ ಅಂದರೆ ಜುಲೈ 17. ರಜೆ ಹಾಕಿ 18ಕ್ಕೆ ಹೋದೆವು. ಜೋರು ಮಳೆ, ಕುರ್ಲಾ ಹತ್ತಿರ ಲೋಕಲ್ ಮುಕ್ಕಾಲು ಗಂಟೆ ನಿಂತಿತ್ತು. ಕೌಂಟರಿನ ಹುಡುಗಿ ಪಾಸ್‌ಪೋರ್ಟಿನ ಮುದ್ರೆಗಳನ್ನು ಒಂದೊಂದಾಗಿ ನೋಡಿ, ಕ್ಯಾಲ್ಕುಲೇಟರ್ ಒತ್ತಿ, ‘ಮಧ್ಯೆ ಹೋಗಿದ್ರಲ್ಲ, 22 ದಿನ ಕಡಿಮೆ’ ಅಂದಳು. ಲೆಕ್ಕ ಬರೆದೇ ಹೊಟ್ಟೆ ಹೊರೆಯುವವನು ನಾನು! ಗಲುಂಗಾನ್, ನ್ಯೆಪಿ ಎರಡೂ ಮರೆತು ಕ್ಯಾಲೆಂಡರ್ ಎಣಿಸಿದ್ದೆ. ವಾಪಸ್ ಬರುವಾಗ ಹೆಂಡತಿ ಒಂದು ಮಾತೂ ಆಡಲಿಲ್ಲ. ಮುಲುಂಡ್ ಬಂದಾಗ ಮಾತ್ರ, ‘ನಿನಗೆ ಸಂಬಳ ಯಾರು ಕೊಡುತ್ತಾರೆ?’ ಅಂದಳು.

ಆಗಸ್ಟ್ 12ಕ್ಕೆ ಮತ್ತೆ ಹೋದೆವು. ಬೆರಳು, ಕಣ್ಣು, ಫೋಟೊ ಎಲ್ಲ ಇಪ್ಪತ್ತು ನಿಮಿಷ. ಬೇಕರಿಯಲ್ಲಿ ಬಿಸಿ ತಟ್ಟೆ ಹಿಡಿದು ಸವೆದ ಬೆರಳು, ಎರಡು ಸಲ ಯಂತ್ರ ಒಪ್ಪಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿಸಿದರು. ಪರದೆಯನ್ನು ನಮ್ಮ ಕಡೆ ತಿರುಗಿಸಿ ಹೆಸರು ಸರಿ ಇದೆಯಾ ನೋಡಿ ಅಂದರು. ಇಂಗ್ಲಿಷ್ ಸರಿ ಇತ್ತು. ಅದರ ಕೆಳಗೆ ಮರಾಠಿಯಲ್ಲೂ ಇರುತ್ತದೆ, ಅಲ್ಲಿ ‘ಕಾಡೆಕ್’ ಹೋಗಿ ‘ಕದೇಕ’ ಆಗಿತ್ತು. ತಿದ್ದಿಸಿದೆ. ಆ ಎರಡನೆಯ ಸಾಲನ್ನು ಬಹಳ ಜನ ನೋಡುವುದಿಲ್ಲ. ಅಲ್ಲೇ ನೋಡಿ ಮುಗಿಸಿ, ಆಮೇಲೆ ತಿದ್ದಿಸುವುದು ಇನ್ನೊಂದು ಸುತ್ತು. ಚೀಟಿಯಲ್ಲಿ 180 ದಿನದವರೆಗೆ ಆಗಬಹುದು ಅಂತ ಇತ್ತು. ನಮಗೆ ಎಪ್ಪತ್ತು ದಿನಕ್ಕೆ ಬಂತು. ವೀಸಾ ಇರುವವರೆಗೆ ಮಾತ್ರ ಇದಕ್ಕೆ ಬೆಲೆ. ಮತ್ತೆ, ಇದು ಗುರುತಿನ ಚೀಟಿಯೇ ಹೊರತು ಪೌರತ್ವದ ಪುರಾವೆ ಅಲ್ಲ.

ಮುಂದೆ ಏನು ಅಂತ ಕೇಳುವವರಿಗೆ: ಮದುವೆ ನೋಂದಣಿಯಾಗಿ ಎರಡು ವರ್ಷ ತುಂಬಿದ ಮೇಲೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಭಾರತದಲ್ಲೇ ಹಾಕಿದರೆ 15,000 ರೂಪಾಯಿ. ಪೌರತ್ವ ಬೇಕೆಂದರೆ ಏಳು ವರ್ಷ ಇಲ್ಲಿ ವಾಸವಿರಬೇಕು. ಇವಳಿಗೆ ಅದು ಬೇಡ. ಇಂಡೊನೇಷ್ಯಾದವರು ಎರಡು ಪೌರತ್ವ ಇಟ್ಟುಕೊಳ್ಳಲು ಬಿಡುವುದಿಲ್ಲ, ಅವಳಿಗೆ ತನ್ನದನ್ನು ಬಿಡಲು ಮನಸ್ಸಿಲ್ಲ. ನಾನೂ ಕೇಳಿಲ್ಲ.

ದೀಪಾವಳಿಗೆ ಶಿರಸಿಗೆ ಹೋದೆವು. ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಬಸ್ಸು. ಕಂಡಕ್ಟರ್ ಬಂದು, ‘ಆಧಾರ್ ತೋರ್ಸ್ರಿ ಅಕ್ಕಾರ’ ಅಂದ. ಶಕ್ತಿ ಯೋಜನೆ, ಹೆಂಗಸರಿಗೆ ಫ್ರೀ ಅಲ್ವಾ. ನಾನು ಬಾಯಿ ತೆರೆಯುವುದರೊಳಗೆ ಇವಳು ಪರ್ಸಿನಿಂದ ಕಾರ್ಡ್ ತೆಗೆದು ಕೊಟ್ಟಾಗಿತ್ತು. ಅದನ್ನು ಯಾರಾದರೂ ಕೇಳಲಿ ಅಂತ ಹತ್ತು ದಿನದಿಂದ ಕಾಯುತ್ತಿದ್ದಳು. ಅವನು ಕಾರ್ಡನ್ನೂ ಅವಳ ಮುಖವನ್ನೂ ನೋಡಿದ.

‘ಇದು ಮುಂಬೈದೈತಲ್ರೀ. ಕರ್ನಾಟಕದ್ದಾದ್ರ ಫ್ರೀ ಇರ್ತಿತ್ತು. ಟಿಕೆಟ್ ತಗೋಬೇಕಾಗ್ತದ.’ ಮತ್ತೆ ಕಾರ್ಡನ್ನು ಕಣ್ಣ ಹತ್ತಿರ ಹಿಡಿದು, ‘ಎನ್ನು, ಐ... ಇದೇನ್ರಿ, ಇನಿಷಿಯಲ್ಲಾ?’ ಅಂದ.

ಅವಳು 500ರ ನೋಟು ಮುಂದೆ ಹಿಡಿದು, ‘ಇನಿಷಿಯಲ್ ಅಲ್ಲ. ಹೆಸರು’ ಅಂದಳು. ಕನ್ನಡದಲ್ಲಿ.